ಎಂಟು ಆಂಪಿಯರಿನ ತೋಟ

ನಮ್ಮ ತೋಟದ ಬೇಲಿಯಿಂದಾಚೆ ಜಯನಗರ ಶುರುವಾಗುತ್ತದೆ ಎಂದು ನಾವು ಹೇಳುತ್ತಿದ್ದೆವು. ಬೇಲಿಯಾಚೆಯವರು, ಜಯನಗರ ನಿಮ್ಮ ಬೇಲಿಗೆ ಬಂದು ಮುಗಿಯುತ್ತದೆ ಎನ್ನುತ್ತಿದ್ದರು. ಕೇಳುವವರಿಗೆ ಎರಡೂ ಒಂದೇ ಮಾತು. ನಮಗೆ ಅಲ್ಲ. ಊರು ಮೊದಲಿತ್ತು, ಬಡಾವಣೆ ಆಮೇಲೆ ಬಂತು. ಆಮೇಲೆ ಬಂದವರು ಮೊದಲಿದ್ದವರಿಗೆ ಎಲ್ಲೆ ತೋರಿಸುವುದೇನು ಎಂಬುದು ನಮ್ಮವ್ವನ ವಾದ. ಅವ್ವ ಅದನ್ನು ವಾದ ಎಂದು ಕರೆಯುತ್ತಿರಲಿಲ್ಲ. "ಇರೋದ್ ಹೇಳ್ದೆ" ಅನ್ನುತ್ತಿದ್ದಳು, ಅಷ್ಟೆ.

ಹೊಲಗಳೆಲ್ಲ ಬಡಾವಣೆಗೆ ಹೋದ ಮೇಲೆ ಬನಶಂಕರಿ ಕಡೆಯ ಅಂಚಿನಲ್ಲಿ, ಬಾವಿಯ ಸುತ್ತ ಇದ್ದ ತುಂಡು ನೆಲ ಮಾತ್ರ ನಮಗೆ ಉಳಿದಿತ್ತು. ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ಅಪ್ಪನ ಅಪ್ಪನಾದ ತಾತ, ನಾನು. ಆ ತುಂಡು ನೆಲದಲ್ಲಿ ಅವ್ವ ಕೊತ್ತಂಬರಿ, ದಂಟು, ಮೆಂತ್ಯ, ಸಬ್ಬಸಿಗೆ ಹಾಕುತ್ತಿದ್ದಳು. ಬದುವಿನ ಉದ್ದಕ್ಕೆ ಕನಕಾಂಬರ. ಸೊಪ್ಪು ಅಂದರೆ ಎಳೇ ಮಗುವಿದ್ದ ಹಾಗೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ನೀರು ಕಾಣಬೇಕು, ಕಿತ್ತ ಕೂಡಲೇ ತೊಟ್ಟಿಯಲ್ಲಿ ಬೇರಿನ ಮಣ್ಣು ತೊಳೆಯಬೇಕು, ಕಟ್ಟು ಕಟ್ಟಿ ಸಿಟಿ ಮಾರ್ಕೆಟ್ಟಿಗೆ ಹೋಗುವ ಗಾಡಿಗೆ ಹಾಕಬೇಕು. ಹೊತ್ತು ತಪ್ಪಿದರೆ ಸೊಪ್ಪು ಬಾಡುತ್ತದೆ. ಬಾಡಿದ ಸೊಪ್ಪನ್ನು ಯಾರೂ ಮೂಸುವುದಿಲ್ಲ.

ಮೊದಲು ನೀರೆತ್ತುವುದಕ್ಕೆ ಕಪಿಲೆಯಿತ್ತು. ಜೋಡಿ ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಹಗ್ಗ ಬಿಗಿದು ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟರೆ ಬರಿಯ ಚೀಲ ಕೆಳಗಿಳಿಯುತ್ತಿತ್ತು. ಅಪ್ಪ ಹೋದ ಮೇಲೆ ಕಪಿಲೆ ಹೊಡೆಯಲು ಆಳಿರಲಿಲ್ಲ. ಮೇಯಿಸಲು ಹುಲ್ಲುಗಾವಲೂ ಇರಲಿಲ್ಲ, ಅಲ್ಲೆಲ್ಲ ಕಾಂಪೌಂಡು ಎದ್ದಿತ್ತು. ಅವ್ವ ಎತ್ತುಗಳನ್ನು ಕೊಟ್ಟು ಐದು ಕುದುರೆ ಶಕ್ತಿಯ ಮೋಟಾರು ತಂದಳು. ಅರುವತ್ತರ ದಶಕ ಆಗಷ್ಟೆ ಶುರುವಾಗಿತ್ತು. ಬಾವಿಕಟ್ಟೆಯ ಪಕ್ಕ ಒಂದು ಹೆಂಚಿನ ಗೂಡು, ಅದರೊಳಗೆ ಹಸಿರು ಬಣ್ಣದ ಮೋಟಾರು, ಗೋಡೆಯ ಮೇಲೆ ಕಪ್ಪು ಡಬ್ಬಿಯಂಥ ಸ್ಟಾರ್ಟರು.

"ಐದು ಕುದುರೆ ಅಂತಾರಲ್ಲ, ಕುದುರೆ ಕಟ್ಟಿ ಯಾವನಾದ್ರೂ ಬಾವೀಲಿ ನೀರೆತ್ತವ್ನಾ?" ಎಂದು ತಾತ ಕೇಳಿದ್ದ. "ನಂಗೆ ಎತ್ತಿನ ಲೆಕ್ಕದಲ್ಲಿ ಹೇಳಿ."

ಆ ಲೆಕ್ಕ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ಬಿಎಸ್‌ಸಿ ಓದುತ್ತಿದ್ದೆ, ಭೌತಶಾಸ್ತ್ರ ತಗೊಂಡು. ಸೋದರಮಾವಂದಿರಿಗೆ ಅದು ಹಿಡಿಸಿರಲಿಲ್ಲ. "ಕರೆಂಟ್ ಓದ್ಕಂಡು ಕಂಬ ಹತ್ತೀಯಾ?" ಎಂದು ಬಂದಾಗಲೆಲ್ಲ ಒಬ್ಬರಾದರೂ ಕೇಳಿಯೇ ಊಟಕ್ಕೆ ಕೂರುತ್ತಿದ್ದರು. ಅವ್ವ ಅವರ ಎಲೆಗೆ ಮುದ್ದೆ ಇಡುತ್ತಾ, "ಹತ್ತಿದ್ರೆ ಹತ್ತಲಿ, ಕೆಳಗೆ ನಿಂತು ಬಾಯಿ ಬಿಡೋದಕ್ಕೆ ನೀವಿದ್ದೀರಲ್ಲ" ಅನ್ನುತ್ತಿದ್ದಳು.

ನಮ್ಮ ಬೇಲಿಗೆದುರಾಗಿ ಒಂದು ಸಾಲು ಹೊಸ ಬಂಗಲೆಗಳು. ಅದರಲ್ಲಿ ಮೂಲೆ ಮನೆಯ ಯಜಮಾನರು ಲೆಕ್ಕಪತ್ರದ ಇಲಾಖೆಯಿಂದ ನಿವೃತ್ತರಾದವರು. ಒಳ್ಳೆಯ ಮನುಷ್ಯರೇ. ಅವರ ಹೆಂಡತಿ ನಿತ್ಯ ನಮ್ಮಿಂದ ಕನಕಾಂಬರ ತೆಗೆದುಕೊಳ್ಳುತ್ತಿದ್ದರು, ನನ್ನನ್ನು ಕಂಡರೆ ಓದಿನ ವಿಚಾರ ಕೇಳುತ್ತಿದ್ದರು. ಆದರೆ ಯಜಮಾನರಿಗೆ ಬೆಳಗಿನ ಜಾವ ಎದ್ದು ದೀಪದ ಬೆಳಕಿನಲ್ಲಿ ಪಾರಾಯಣ ಮಾಡುವ ಅಭ್ಯಾಸ. ಆ ಹೊತ್ತಿಗೆ ಸರಿಯಾಗಿ ಬಲ್ಬು ಕುಂಬಳಕಾಯಿ ಬಣ್ಣಕ್ಕೆ ಇಳಿಯುತ್ತಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಅವರೊಬ್ಬರದೇ ಅಲ್ಲ, ಸಾಲು ಮನೆಗಳೆಲ್ಲ ಅದೇ ಗೋಳು. ಬೆಳಿಗ್ಗೆ ಎದ್ದರೆ ದೀಪಕ್ಕೆ ಜ್ವರ ಬಂದ ಹಾಗೆ.

ಅದೇ ಹೊತ್ತಿಗೆ ನಮ್ಮ ಮೋಟಾರೂ ಗುಂಯ್ ಎನ್ನುತ್ತಿತ್ತು. ಕಣ್ಣಿಗೆ ಮಂಕು, ಕಿವಿಗೆ ಗುಂಯ್. ಎರಡನ್ನೂ ಸೇರಿಸಿ ಗಂಟು ಹಾಕುವುದಕ್ಕೆ ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಒಂದು ಭಾನುವಾರ ಯಜಮಾನರು ಬೇಲಿಯ ಗೇಟಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಕೊಡೆ. ಅವ್ವ ಕೊತ್ತಂಬರಿ ಮಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದವಳು ಏಳಲಿಲ್ಲ.

"ನೋಡಮ್ಮಾ," ಅಂದರು ಅವರು, "ನಿನ್ನ ಮೇಲೆ ನನಗೇನೂ ಕೋಪ ಇಲ್ಲ."

"ಇದ್ರೂ ಪರವಾಗಿಲ್ಲ ಸ್ವಾಮಿ, ಏನು ಬಂದ್ರಿ ಹೇಳಿ."

"ನಿಮ್ಮ ಮೋಟಾರಿಂದ ನಮ್ಮ ಮನೆಗಳಿಗೆಲ್ಲ ತೊಂದರೆ ಆಗ್ತಿದೆ. ನಾವೆಲ್ಲ ಸೇರಿ ವಿದ್ಯುತ್ ಕಚೇರಿಗೆ ಹೇಳಿದ್ದೀವಿ. ಮಂಗಳವಾರ ಬೆಳಿಗ್ಗೆ ಸೆಕ್ಷನ್ ಆಫೀಸರು ಬರ್ತಾರೆ. ಈ ಲೈನಿಗೆ ನಿಮ್ಮ ಮೋಟಾರು ಹೆಚ್ಚಾಯ್ತು ಅಂತ ಅವರಿಗೆ ಕಂಡ್ರೆ ಫ್ಯೂಸು ಕಿತ್ಕೊಂಡು ಹೋಗ್ತಾರೆ. ಬೇರೆ ಟ್ರಾನ್ಸ್‌ಫಾರ್ಮರು ಹಾಕೋ ತನಕ ನಿಲ್ಸಬೇಕಾಗುತ್ತೆ. ಮುಂಚೆನೇ ಹೇಳೋಣ ಅಂತ ಬಂದೆ."

"ಆ ಟ್ರಾನ್ಸ್‌ಫಾರ್ಮರು ಯಾವಾಗ ಹಾಕ್ತಾರೆ?"

"ಅದು ಹೇಳೋಕಾಗಲ್ಲ. ವರ್ಷ ಆಗ್ಬಹುದು, ಎರಡೂ ಆಗ್ಬಹುದು."

ಅವ್ವ ಆಗ ಎದ್ದು ನಿಂತಳು. ಕೈಯ ಮಣ್ಣು ಸೀರೆಗೆ ಒರೆಸಿಕೊಂಡಳು. "ವರ್ಷ ನೀರಿಲ್ದೆ ಇರೋಕೆ ಇದೇನು ನಿಮ್ಮ ಕಬ್ಬಿಣದ ಗೇಟಾ? ಸೊಪ್ಪು ಸ್ವಾಮಿ ಇದು. ಮೂರು ದಿನಕ್ಕೆ ಹುಲ್ಲಾಯ್ತದೆ."

"ಅದಕ್ಕೆ ನಾನೇನು ಮಾಡ್ಲಿ? ಲೆಕ್ಕ ಲೆಕ್ಕನೇ. ನಿಂದು ಐದು ಎಚ್ಪಿ ಮೋಟಾರು. ಒಂದು ಎಚ್ಪಿಗೆ ಏಳ್ನೂರ ನಲವತ್ತಾರು ವಾಟ್ಸು. ಐದಕ್ಕೆ ಮೂರು ಸಾವಿರದ ಏಳ್ನೂರ ಮೂವತ್ತು. ಇನ್ನೂರ ಮೂವತ್ತು ವೋಲ್ಟಿಂದ ಭಾಗಿಸಿದ್ರೆ ಹದಿನಾರು ಆಂಪಿಯರು. ನಿನ್ನ ಮೋಟಾರಿಗೆ ಮೂರು ತಂತಿ. ಹದಿನಾರು ಮೂರ್ಲಿ ನಲವತ್ತೆಂಟು. ನಲವತ್ತೆಂಟು ಆಂಪಿಯರ್ ನೀನೊಬ್ಬಳೇ ಎಳೀತಿದ್ದೀಯಮ್ಮಾ. ನನ್ನ ಮನೆ ದೀಪ ಎಲ್ಲಾ ಸೇರಿ ಎರಡು ಆಗಲ್ಲ."

ಅವ್ವ ನನ್ನ ಕಡೆ ತಿರುಗಿದಳು. ನಾನು ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹಾಕಿದೆ. ಎಲ್ಲೋ ತಪ್ಪಿದೆ ಎಂದು ಅನ್ನಿಸಿತು, ಎಲ್ಲಿ ಎಂದು ತಕ್ಷಣ ಹೊಳೆಯಲಿಲ್ಲ. ಲೆಕ್ಕ ಅಷ್ಟು ನೇರವಾಗಿತ್ತು. ಗುಣಿಸಬೇಕಾದಲ್ಲಿ ಗುಣಿಸಿದ್ದರು, ಭಾಗಿಸಬೇಕಾದಲ್ಲಿ ಭಾಗಿಸಿದ್ದರು.

"ನಿಮ್ಮ ಹುಡುಗೀನೇ ಕೇಳು, ಸೈನ್ಸ್ ಓದ್ತಾಳಲ್ಲ" ಎಂದು ಯಜಮಾನರು ಕೊಡೆಯೂರಿಕೊಂಡು ಹೋದರು.

ಅವರು ರಸ್ತೆ ದಾಟುವ ತನಕ ಅವ್ವ ಕಾದಳು. "ಏನು, ಅವರ್ ಹೇಳಿದ್ದು ದಿಟವಾ?"

"ನೋಡ್ತೀನಿ ಅವ್ವಾ."

"ದಿಟ ಆದ್ರೆ ದಿಟ ಅನ್ನು. ಸುಳ್ಳಾದ್ರೆ ಮಂಗಳವಾರದೊಳಗೆ ಹೇಳು. ಆಮೇಲೆ ಹೇಳಿದ್ರೆ ಯಾವ ಪುರುಷಾರ್ಥಕ್ಕೆ?"

ಆ ಸಂಜೆ ನಾನು ಬಾವಿಕಟ್ಟೆಯ ಮೇಲೆ ಕೂತು ಆ ಲೆಕ್ಕವನ್ನೇ ಉಜ್ಜಿದೆ. ತಾತ ಪಕ್ಕದಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ. ನನಗೆ ಯಾವುದನ್ನಾದರೂ ತಲೆಯೊಳಗೆ ಬಿಡಿಸಿಕೊಳ್ಳಬೇಕಾದರೆ ತಾತನಿಗೆ ಹೇಳಬೇಕು. ಅವನಿಗೆ ಅರ್ಥವಾಗುವ ಹಾಗೆ ಹೇಳುವಷ್ಟರಲ್ಲಿ ನನಗೆ ಅರ್ಥವಾಗಿರುತ್ತಿತ್ತು. ನಾನು ಕನ್ನಡ ಕಲಿತದ್ದೇ ಹಾಗೆ, ಈ ಮುದುಕನ ಬಾಯಿಂದ. ಇಂಗ್ಲಿಷಿನ ಪುಸ್ತಕದಲ್ಲಿ ಓದಿದ ಭೌತಶಾಸ್ತ್ರವೂ ಅವನ ಬಾಯಿಗೆ ಬಿದ್ದು ಬಂದ ಮೇಲೆಯೇ ನನ್ನದಾಗುತ್ತಿತ್ತು.

"ತಾತ, ವೋಲ್ಟು ಅಂದ್ರೆ ಬಾವಿ ಎಷ್ಟು ಆಳ ಅಂತ ಇಟ್ಕೋ. ಆಂಪಿಯರು ಅಂದ್ರೆ ಹೊತ್ತಿಗೆ ಎಷ್ಟು ನೀರು ಬತ್ತದೆ ಅಂತ."

"ಸರಿ."

"ಆಳ ಜಾಸ್ತಿ ಆದ್ರೂ ಎತ್ತಿಗೆ ಕಷ್ಟ, ನೀರು ಜಾಸ್ತಿ ಎಳೆದ್ರೂ ಕಷ್ಟ. ಎರಡನ್ನೂ ಗುಣಿಸಿದ್ರೆ ಎತ್ತು ಪಡೋ ಪಾಡು. ಅದೇ ವಾಟು. ಸಾವಿರ ವಾಟಾದ್ರೆ ಒಂದು ಕಿಲೋವಾಟು."

"ಇದಕ್ಕೆ ಕಾಲೇಜ್‌ಗೆ ಹೋಗ್ಬೇಕಿತ್ತಾ? ನಮ್ಮಪ್ಪ ಹೇಳ್ತಿದ್ದ ಇದನ್ನ, ಆಳದ ಬಾವಿಗೆ ಸಣ್ಣ ಚೀಲ ಕಟ್ಟು ಅಂತ."

"ಈಗ ಮೂಲೆ ಮನೆಯವರು ಏನಂತಾರೆ ಅಂದ್ರೆ, ಮೋಟಾರಿಗೆ ಮೂರು ತಂತಿ ಐತೆ, ಒಂದೊಂದ್ರಲ್ಲೂ ಹದಿನಾರು ಆಂಪು ಹರೀತದೆ ಅಂತ."

ತಾತ ಎಲೆ ಮಡಿಸಿ ಬಾಯಿಗಿಟ್ಟುಕೊಂಡ. "ನಮ್ಮ ಗಾಣದ ಕಲ್ಲು ಹೊತ್ಕಂಡ್ ಬಂದಾಗ ನಾವು ಮೂರು ಜನ ಇದ್ವಿ. ಮನೆಗೆ ಬಂದು ನೋಡಿದ್ರೆ ಮೂರು ಕಲ್ಲಿತ್ತಾ?"

ನಾನು ನಕ್ಕುಬಿಟ್ಟೆ. ತಾತನಿಗೆ ಅದು ಬರೀ ಕುಚೋದ್ಯ. ನನಗೆ ಮಾತ್ರ ಗಂಟು ಅಲ್ಲೇ ಬಿಚ್ಚಿತು. ಐದು ಕುದುರೆಯ ಹೊರೆ ಇರುವುದು ಒಂದೇ. ಮೂರು ತಂತಿಗಳು ಅದನ್ನು ಹಂಚಿಕೊಳ್ಳುತ್ತವೆ. ಒಂದು ತಂತಿಯ ಪಾಲಿಗೆ ಬರುವುದು ಮೂರರಲ್ಲಿ ಒಂದು ಭಾಗ, ಸಾವಿರದ ಇನ್ನೂರ ನಲವತ್ತು ವಾಟು ಚಿಲ್ಲರೆ. ಅದನ್ನು ಇನ್ನೂರ ಮೂವತ್ತರಿಂದ ಭಾಗಿಸಿದರೆ ಐದೂವರೆ ಆಂಪಿಯರಿಗೂ ಕಡಿಮೆ. ಯಜಮಾನರು ಹಂಚಬೇಕಾದಲ್ಲಿ ಮೂರು ಪಟ್ಟು ಮಾಡಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ನಮಗೆ ಲಾಭವೇ. ಆದರೆ ಎದುರಿನವರ ಲೆಕ್ಕವನ್ನು ಹಿಡಿಯಲು ಹೊರಟವಳು ನನ್ನ ಲೆಕ್ಕದಲ್ಲಿ ತೂತು ಬಿಡುವಂತಿರಲಿಲ್ಲ. ಐದು ಕುದುರೆ ಎಂದು ಬರೆದಿರುವುದು ಮೋಟಾರು ಕೊಡುವ ಕೆಲಸ. ಅದು ತಿನ್ನುವುದು ಇನ್ನೂ ಸ್ವಲ್ಪ ಹೆಚ್ಚು. ತಿಂದ ನೂರು ಪಾಲಿನಲ್ಲಿ ಎಂಬತ್ತೈದರಷ್ಟು ಕೆಲಸವಾಗುತ್ತದೆ, ಉಳಿದದ್ದು ಬಿಸಿಯಾಗಿ, ಸದ್ದಾಗಿ ಹೋಗುತ್ತದೆ. ಇನ್ನೊಂದು ಬಾಬತ್ತೂ ಇತ್ತು. ಮೋಟಾರಿನೊಳಗಿನ ಸುರುಳಿ ತಂತಿ ಒಂದಷ್ಟು ಕರೆಂಟನ್ನು ಸುಮ್ಮನೆ ಕರೆಸಿಕೊಂಡು ವಾಪಸು ಕಳಿಸುತ್ತಿರುತ್ತದೆ. ಅದರಿಂದ ಕೆಲಸವಿಲ್ಲ, ಆದರೆ ತಂತಿ ಅದನ್ನೂ ಹೊರಬೇಕು.

ತಾತನಿಗೆ ಇದನ್ನು ಹೇಳುವುದು ಕಷ್ಟವೆಂದುಕೊಂಡಿದ್ದೆ. "ಕಪಿಲೆ ಎತ್ತು ಹಿಂದಕ್ಕೆ ಬರ್ತಿತ್ತಲ್ಲ ತಾತ, ಹಂಗೆ" ಎಂದೆ.

"ಹೂಂ ಮತ್ತೆ. ಹಿಂದಕ್ಕೆ ಬರುವಾಗ ನೀರಿಲ್ಲ. ಹಂಗಂತ ಎತ್ತಿನ ಕಾಲು ನೋಯಲ್ಲ ಅನ್ನೋಕಾಯ್ತದಾ?"

ಈ ಎರಡು ಬಾಬತ್ತನ್ನೂ ಸೇರಿಸಿದ ಮೇಲೆ ಐದೂವರೆ ಎಂಟಾಯಿತು. ಒಂದೊಂದು ತಂತಿಯಲ್ಲಿ ಎಂಟು ಆಂಪಿಯರು. ನಮ್ಮ ತೋಟದ ಬಾಯಾರಿಕೆ ಅಷ್ಟು.

ಸರಿ, ಎಂಟಾದರೆ ಸಾಲು ಮನೆಗಳ ದೀಪ ಯಾಕೆ ಮಂಕಾಗಬೇಕು? ಆ ಪ್ರಶ್ನೆ ಹಿಡಿದು ಕಣ್ಣೆತ್ತಿ ನೋಡಿದರೆ ಉತ್ತರ ಎದುರಿಗೇ ಇತ್ತು. ಆ ಬಂಗಲೆಗಳ ಬಚ್ಚಲಿಗೆ ಹೊಗೆಗೂಡು ಇರಲಿಲ್ಲ. ನಮ್ಮ ಕಡೆ ಬೆಳಗಾದರೆ ಪ್ರತಿ ಮನೆಯ ಹಂಡೆಯ ಒಲೆಯಿಂದ ಹೊಗೆ ಏಳುತ್ತಿತ್ತು. ಅಲ್ಲಿ ಹೊಗೆಯಿಲ್ಲದೆ ಬಿಸಿನೀರು. ಕರೆಂಟಿನ ಬಾಯ್ಲರು. ಆಗ ಅದು ಹೊಸ ಹೆಮ್ಮೆ. ಗೃಹಪ್ರವೇಶಕ್ಕೆ ಬಂದವರನ್ನು ದೇವರ ಮನೆಗಿಂತ ಮುಂಚೆ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಎರಡು ಕಿಲೋವಾಟಿನ ಬಾಯ್ಲರು ಅಂದರೆ ಎರಡು ಸಾವಿರ ವಾಟು. ಇನ್ನೂರ ಮೂವತ್ತರಿಂದ ಭಾಗಿಸಿದರೆ ಒಂಬತ್ತಕ್ಕೆ ಚೂರು ಕಡಿಮೆ. ಬಾಯ್ಲರಿಗೆ ಮೂರು ತಂತಿಯಿಲ್ಲ, ಹಂಚಿಕೊಳ್ಳಲು ಜೊತೆಗಾರರಿಲ್ಲ. ಒಂದೇ ತಂತಿ ಅಷ್ಟನ್ನೂ ಹೊರಬೇಕು. ಅಂದರೆ ಮೂಲೆ ಮನೆಯ ಯಜಮಾನರ ಒಂದು ಸ್ನಾನ ಆ ತಂತಿಯ ಮೇಲೆ ಹಾಕುವ ಭಾರ, ನಮ್ಮ ಇಡೀ ತೋಟ ಅದರ ಮೇಲೆ ಹಾಕುವ ಭಾರಕ್ಕಿಂತ ಜಾಸ್ತಿ.

ಹೋಗಿ ಅವ್ವನಿಗೆ ಹೇಳಿದೆ. ಅವ್ವ ಒಲೆ ಊದುತ್ತಿದ್ದಳು. ಊದುಗೊಳವೆ ಕೆಳಗಿಟ್ಟು ಪೂರ್ತಿ ಕೇಳಿದಳು.

"ಅಂದ್ರೆ ಅವರ ಬೆನ್ನಿಗೆ ಬೀಳೋ ನೀರು, ನನ್ನ ಮಡಿಗೆ ಬೀಳೋ ನೀರು, ಎರಡೂ ಒಂದೇ ಅನ್ನು."

"ಅವರದ್ದೇ ಒಂದು ಚೂರು ಜಾಸ್ತಿ."

"ಅವರ ಬೆನ್ನಿನ ಮೇಲೆ ಏನು ಬೆಳೀತದೆ ಅಂತ ಕೇಳು ಮಂಗಳವಾರ."

ಇನ್ನೊಂದು ಸಂಗತಿ ಹೇಳಬೇಕು. ಕೆಲವು ತಿಂಗಳಿಂದ ಬೆಳಗಿನ ಹೊತ್ತು ನಮ್ಮ ಮೋಟಾರು ಮುಟ್ಟಲಾಗದಷ್ಟು ಕಾಯುತ್ತಿತ್ತು, ಅರಗು ಕರಗಿದಂಥ ವಾಸನೆ. ಅವ್ವ ಗೂಡಿನ ಬಾಗಿಲು ತೆಗೆದು ಬೀಸಣಿಗೆಯಿಂದ ಗಾಳಿ ಹಾಕಿದ್ದೂ ಉಂಟು. ಈಗ ಅದೂ ಅರ್ಥವಾಯಿತು. ವೋಲ್ಟು ಇಳಿದರೆ ಬಾಯ್ಲರು ಸುಮ್ಮನೆ ತಣ್ಣಗೆ ಕೆಲಸ ಮಾಡುತ್ತದೆ, ನೀರು ಕಾಯುವುದು ತಡವಾಗುತ್ತದೆ, ಅಷ್ಟೆ. ಮೋಟಾರು ಹಾಗಲ್ಲ. ಎತ್ತಬೇಕಾದ ನೀರು ಅಷ್ಟೇ ಇರುತ್ತದೆ. ವೋಲ್ಟು ಕಡಿಮೆಯಾದಷ್ಟೂ ಅದು ಹೆಚ್ಚು ಆಂಪಿಯರು ಎಳೆದು ಕೆಲಸ ಪೂರೈಸುತ್ತದೆ, ತನ್ನ ಮೈ ಸುಟ್ಟುಕೊಂಡು. ತೊಂದರೆ ಕೊಡುತ್ತಿದ್ದವರು ನಾವಲ್ಲ. ಅನುಭವಿಸುತ್ತಿದ್ದವರು ನಾವು. ಇದು ತಿಳಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ.

ಮಂಗಳವಾರ ಬೆಳಗಾಯಿತು. ಸೆಕ್ಷನ್ ಆಫೀಸರು ಜೀಪಿನಲ್ಲಿ ಬಂದರು, ಜೊತೆಗೆ ಏಣಿ ಹೊತ್ತ ಲೈನ್‌ಮನ್ನು. ಆಫೀಸರಿಗೆ ನಡುವಯಸ್ಸು, ಸ್ವೆಟರಿನ ಮೇಲೆ ಕೋಟು. ಮೂಲೆ ಮನೆಯ ಜಗುಲಿಯಲ್ಲಿ ಸಾಲು ಮನೆಯವರು ಹೆಚ್ಚುಕಡಿಮೆ ಎಲ್ಲರೂ ಸೇರಿದ್ದರು, ಕೆಲವರು ಇನ್ನೂ ತಲೆಗೆ ಟವೆಲು ಸುತ್ತಿಕೊಂಡಿದ್ದರು. ಜಗುಲಿಯ ಬಲ್ಬು ಕೆಂಪಗೆ ಉಸಿರಾಡುತ್ತಿತ್ತು. ಅವ್ವ ಮೋಟಾರು ಹಾಕಿಯೇ ಬಂದಿದ್ದಳು. ಅದರ ಸದ್ದು ಬೇಲಿಯಾಚೆಯಿಂದ ಕೇಳುತ್ತಿತ್ತು.

"ಕೇಳಿಸ್ಕೊಳ್ಳಿ ಸಾರ್, ಓಡ್ತಿದೆ" ಎಂದರು ಯಜಮಾನರು. "ಬಲ್ಬು ನೋಡಿ."

"ಓಡ್ದೆ ಇದ್ರೆ ನೀರು ತಾನಾಗೇ ನಡ್ಕೊಂಡು ಬರುತ್ತಾ?" ಎಂದಳು ಅವ್ವ.

ಆಫೀಸರು ಕೈಯೆತ್ತಿ ಇಬ್ಬರನ್ನೂ ತಡೆದರು. "ದಿನಾ ಹೀಗೇನಾ?"

"ದಿನಾ. ಒಂದು ದಿನ ಬಿಟ್ಟಿಲ್ಲ" ಎಂದರು ಯಜಮಾನರು. "ನಿನ್ನೆಯಂತೂ ಇನ್ನೂ ಅಧ್ವಾನ. ಸೋಮವಾರ ಪೂಜೆ ಬೇರೆ ನಮಗೆ. ದೇವರ ಮುಖಾನೇ ಕಾಣಲಿಲ್ಲ. ಈ ಮೋಟಾರಿನ ದೆಸೆಯಿಂದ."

ಪಕ್ಕದ ಮನೆಯವರೂ ತಲೆಯಾಡಿಸಿದರು. ನಿನ್ನೆ ಬಹಳ ಕೆಟ್ಟದಾಗಿತ್ತು ಎಂದು ಇನ್ನೊಬ್ಬರೂ ಸೇರಿಸಿದರು.

ಅವ್ವ ಸ್ವಲ್ಪ ಹೊತ್ತು ಅವರ ಮುಖಗಳನ್ನೇ ನೋಡಿದಳು. ಆಮೇಲೆ ಆಫೀಸರ ಕಡೆ ತಿರುಗಿದಳು. "ಸ್ವಾಮಿ, ನೀವು ಯಾವ ಕಡೆಯೋರು?"

"ಮಂಡ್ಯ ಕಡೆ. ಯಾಕಮ್ಮಾ?"

"ನಿಮ್ಮೂರಲ್ಲಿ ಸೋಮವಾರ ಆರು ಕಟ್ತಾರಾ?"

ಆಫೀಸರ ತುಟಿಯ ಮೂಲೆಯಲ್ಲಿ ನಗು ಕಾಣಿಸಿಕೊಂಡಿತು. ನಮ್ಮ ಸೀಮೆಯ ಒಕ್ಕಲು ಮಕ್ಕಳಿಗೆ ಇದನ್ನು ಹೇಳಬೇಕಾಗಿಲ್ಲ. ಸೋಮವಾರ ಬಸವಣ್ಣನ ದಿನ. ಅವತ್ತು ಆರು ಕಟ್ಟುವುದಿಲ್ಲ, ಅಂದರೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಮೈ ತೊಳೆದು ಹಣೆಗೆ ಕುಂಕುಮ ಇಟ್ಟು ಬಿಟ್ಟುಬಿಡುತ್ತಾರೆ. ಎತ್ತು ಹೋಗಿ ಮೋಟಾರು ಬಂದ ಮೇಲೂ ಅವ್ವ ಈ ಪದ್ಧತಿಯನ್ನು ಬಿಟ್ಟಿರಲಿಲ್ಲ. ಎತ್ತಿನ ಕೆಲಸ ಮಾಡುವವನಿಗೆ ಎತ್ತಿನ ರಜೆ ಎಂಬುದು ಅವಳ ನ್ಯಾಯ. ಭಾನುವಾರ ಸಂಜೆಯೇ ತೊಟ್ಟಿ ತುಂಬಿಸಿಟ್ಟುಕೊಂಡು ಸೋಮವಾರ ಬಿಂದಿಗೆಯಲ್ಲಿ ಹೊತ್ತು ಮಡಿಗಳಿಗೆ ಹಾಕುತ್ತಿದ್ದಳು. ನನ್ನ ಸೊಂಟವೂ ಅದರಲ್ಲಿ ನೊಂದಿದೆ. ನಾನು ಎಷ್ಟೋ ಸಲ ಜಗಳ ಕಾದಿದ್ದೆ, "ಕಬ್ಬಿಣಕ್ಕೆ ಸುಸ್ತಾಗಲ್ಲ ಅವ್ವಾ" ಎಂದು. ಈ ಪದ್ಧತಿಯಿಂದ ನಮಗೆ ಏನಾದರೂ ಉಪಯೋಗವಾದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

"ನಮ್ಮ ಮೋಟಾರು ಸೋಮವಾರ ಓಡಲ್ಲ" ಎಂದಳು ಅವ್ವ. "ತಂದ ದಿನದಿಂದ ಒಂದು ಸೋಮವಾರವೂ ಓಡಿಲ್ಲ. ಗೂಡಿನ ಬಾಗ್ಲು ತೆಗೆದು ನೋಡಿ, ನಿನ್ನೆ ಇಟ್ಟ ಹೂವು ಮೋಟಾರಿನ ಮೇಲೇ ಐತೆ. ನಿನ್ನೆ ದೇವರ ಮುಖ ಕಾಣ್ಲಿಲ್ಲ ಅಂದ್ರಲ್ಲ, ಅದು ಯಾರ ದೆಸೆಯಿಂದ ಅಂತ ಈಗ ಹೇಳ್ಲಿ."

ಯಜಮಾನರು, "ನಿನ್ನೆ ಸದ್ದು ಕೇಳಿಸಿದ ಹಾಗಿತ್ತಲ್ಲ" ಎಂದರು. ಅವರ ಹೆಂಡತಿ ಒಳಬಾಗಿಲಲ್ಲಿ ನಿಂತವರು, "ಸೋಮವಾರ ಸದ್ದಿರಲ್ಲ ರೀ. ಅವತ್ತು ಹೂ ತಗೊಳ್ಳೋವಾಗ ನಾನೂ ಅವಳೂ ಮೆಲ್ಲಗೆ ಮಾತಾಡ್ತೀವಿ, ಬೇರೆ ದಿನ ಕೂಗಾಡಬೇಕು" ಎಂದರು. ಅವರಿಗೆ ತಮ್ಮ ಗಂಡನ ಕಡೆ ವಾದಿಸಬೇಕು ಎಂಬುದು ಹೊಳೆಯಲೇ ಇಲ್ಲ, ಪಾಪ.

ಆಗ ನಾನು ಬಾಯಿ ತೆರೆದೆ. ನಲವತ್ತೆಂಟು ಹೇಗೆ ಎಂಟಾಗುತ್ತದೆ ಎಂದು ಹೇಳಿದೆ. ಹಂಚುವಲ್ಲಿ ಮೂರು ಪಟ್ಟು ಮಾಡಿದ್ದಾರೆ ಎಂದೆ. ಮೋಟಾರು ತಿನ್ನುವ ಹೆಚ್ಚುವರಿಯನ್ನೂ ಬಿಡದೆ ಸೇರಿಸಿದೆ. ಬಾಯ್ಲರಿಗೆ ಸುಮಾರು ಒಂಬತ್ತು, ಅದೂ ಒಂದೇ ತಂತಿಯಲ್ಲಿ, ಮತ್ತು ಈ ಸಾಲಿನಲ್ಲಿ ಎಷ್ಟು ಬಾಯ್ಲರಿದೆಯೋ ಅಷ್ಟೂ ಈ ಹೊತ್ತಿಗೇ ಕಾಯುತ್ತವೆ ಎಂದೆ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಹಲವು ಪಟ್ಟು ಎಳೆಯುತ್ತದೆ, ಆಗ ನಿಮ್ಮ ದೀಪ ಕಣ್ಣು ಹೊಡೆಯುವುದು ನಮ್ಮಿಂದಲೇ, ಅದು ಒಂದು ಉಸಿರಿನಷ್ಟು ಹೊತ್ತು, ಅದನ್ನು ಒಪ್ಪುತ್ತೇನೆ ಎಂದೆ.

"ಆಯ್ತಮ್ಮ, ಬಾಯಿಲೆಕ್ಕ ಯಾರ್ದಾದ್ರೂ ಇರ್ಲಿ" ಎಂದು ಆಫೀಸರು ಲೈನ್‌ಮನ್ನನಿಗೆ ಸನ್ನೆ ಮಾಡಿದರು. ಅವರ ಚೀಲದಲ್ಲಿ ಇಕ್ಕಳದಂಥ ಮೀಟರಿತ್ತು. ಅದರ ಬಾಯನ್ನು ತಂತಿಯ ಸುತ್ತ ಕಚ್ಚಿಸಿದರೆ ಒಳಗೆ ಹರಿಯುವ ಆಂಪಿಯರನ್ನು ಮುಳ್ಳು ತೋರಿಸುತ್ತದೆ. ಮೊದಲು ನಮ್ಮ ಗೂಡಿಗೆ ಬಂದರು. ಎರಡು ತಂತಿಯಲ್ಲಿ ಎಂಟರ ಆಸುಪಾಸು. ಮೂರನೆಯದರಲ್ಲಿ ಹತ್ತು ದಾಟಿತ್ತು, ಮೂರು ತಂತಿಯ ವೋಲ್ಟು ಒಂದೇ ಸಮ ಇಲ್ಲದಿದ್ದರೆ ಹೀಗಾಗುತ್ತದೆ. ಮೋಟಾರಿನ ಮೈ ಮುಟ್ಟಿ ಆಫೀಸರು ಕೈ ಝಾಡಿಸಿದರು. ನೆತ್ತಿಯ ಮೇಲೆ ಸೋಮವಾರದ ಕನಕಾಂಬರ ಬಾಡಿ ಅಂಟಿಕೊಂಡಿತ್ತು. ಅದನ್ನೂ ನೋಡಿದರು.

ಆಮೇಲೆ ಲೈನ್‌ಮನ್ನು ಕಂಬ ಹತ್ತಿದ. ಕಂಬದ ಮೂರು ತಂತಿಯಲ್ಲಿ ಎರಡು ಹಗುರ, ನಮ್ಮ ಮೋಟಾರು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಮೂರನೆಯದರಲ್ಲಿ ಐವತ್ತರ ಮೇಲೆ. "ಮೋಟಾರು ನಿಲ್ಸಮ್ಮ" ಎಂದರು. ಅವ್ವ ನಿಲ್ಲಿಸಿದಳು. ಮೇಲಿನಿಂದ ಲೈನ್‌ಮನ್ನು ಕೂಗಿದ, "ಇನ್ನೂ ನಲವತ್ತರ ಮೇಲಿದೆ ಸಾರ್." ಜಗುಲಿಯ ಬಲ್ಬು ಒಂದು ನೂಲಿನಷ್ಟು ಬೆಳಗಿತೇನೋ, ಮತ್ತೆ ಅದೇ ಕುಂಬಳಕಾಯಿ.

ಆ ಸಾಲಿನ ಬಂಗಲೆಗಳು ಒಂದೊಂದಾಗಿ ಎದ್ದಂತೆಲ್ಲ ವೈರಿಂಗಿನವರು ಬಂದು ಕೈಗೆ ಹತ್ತಿರ ಸಿಕ್ಕ ತಂತಿಗೇ ಕೊಂಡಿ ಸಿಕ್ಕಿಸಿ ಹೋಗಿದ್ದರು. ಹಾಗಾಗಿ ಸಾಲಿಗೆ ಸಾಲೇ ಒಂದು ತಂತಿಯ ಮೇಲೆ ಕೂತಿತ್ತು. ಉಳಿದ ಎರಡು ತಂತಿ ಕೈಕಟ್ಟಿ ನೋಡುತ್ತಿದ್ದವು. ಮನೆಗಳನ್ನು ಮೂರಕ್ಕೂ ಹಂಚಿದರೆ ಎಲ್ಲರಿಗೂ ಸರಿಹೋಗುತ್ತದೆ ಎಂದು ಆಫೀಸರು ಹೇಳಿದರು.

ಫ್ಯೂಸು ಕೀಳುವ ಮಾತು ಅಲ್ಲಿಗೆ ಬಿತ್ತು ಎಂದುಕೊಂಡೆ. ಆದರೆ ಆಫೀಸರು ಎಲ್ಲರನ್ನೂ ಸಮಾಧಾನ ಮಾಡಿ ಹೋಗುವ ಜಾತಿಯ ಮನುಷ್ಯ. ಜೀಪಿನ ಹತ್ತಿರ ನಿಂತು ಅವ್ವನಿಗೆ ಹೇಳಿದರು: "ನಿಮ್ಮದೇನೂ ತಪ್ಪಿಲ್ಲಮ್ಮ. ಆದ್ರೂ ಅಕ್ಕಪಕ್ಕದೋರು ನೋಡಿ. ಬೆಳಿಗ್ಗೆ ಬದಲು ಮಧ್ಯಾಹ್ನ ಹಾಕ್ಕೊಳ್ಳಿ ಮೋಟಾರನ್ನ. ಹಾಗಂತ ಒಂದು ಷರತ್ತು ಬರೆದುಬಿಡ್ತೀನಿ, ಇವರಿಗೂ ಸಮಾಧಾನ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಯಜಮಾನರೂ ಮೆತ್ತಗಾಗಿದ್ದರು. "ಹೌದಮ್ಮಾ, ಅಷ್ಟು ಮಾಡಿದ್ರೆ ಸಾಕು. ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕು."

ಮಧ್ಯಾಹ್ನದ ನೀರು ಸೊಪ್ಪನ್ನು ಬೇಯಿಸುತ್ತದೆ. ಅದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಅವ್ವ ಅದನ್ನು ವಿವರಿಸಲು ಹೋಗಲಿಲ್ಲ.

"ಸ್ವಾಮಿ," ಎಂದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನೀವು ನಿಂತಿರೋ ರಸ್ತೆ ನಮ್ಮ ರಾಗಿ ಹೊಲ. ಅಡ್ಜಸ್ಟ್ ಮಾಡ್ಕೊಂಡ್ವಿ. ಇವರ ಮನೆ ಇರೋ ಜಾಗ ನಮ್ಮ ಅವರೆ ಹೊಲ. ಅಡ್ಜಸ್ಟ್ ಮಾಡ್ಕೊಂಡ್ವಿ. ಆ ಪಾರ್ಕು ಅಂತ ಬೋರ್ಡು ಹಾಕವ್ರಲ್ಲ, ಅಲ್ಲಿ ನಮ್ಮ ಕಣ ಇತ್ತು. ಎಲ್ಲಾ ಅಡ್ಜಸ್ಟ್ ಮಾಡಿ ಮಾಡಿ ನಮಗೆ ಉಳಿದಿರೋದು ಈ ಬಾವಿ. ಮತ್ತೆ ನಮ್ಮ ಹುಡುಗಿ ಹೇಳಿದ್ಲಲ್ಲ, ಎಂಟು ಆಂಪು. ಅದಿಷ್ಟು ನಂದು. ದೀಪ ಕಣ್ಣು ಹೊಡೀದ ಹಾಗೆ ಒಳ್ಳೆ ಸ್ಟಾರ್ಟರು ಹಾಕು ಅನ್ನಿ, ಹಾಕಿಸ್ತೀನಿ. ಅದು ನಮ್ಮಿಂದ ಆಗೋ ತೊಂದರೆ. ಹೊತ್ತು ಮಾತ್ರ ಬಿಡಲ್ಲ. ಷರತ್ತು ಬರೆಯೋದಾದ್ರೆ ಸ್ನಾನಕ್ಕೂ ಬರೀರಿ. ಇವರು ಮಧ್ಯಾಹ್ನ ಮಾಡ್ಲಿ."

ಏಣಿ ಕಟ್ಟುತ್ತಿದ್ದ ಲೈನ್‌ಮನ್ನು ಬೇರೆ ಕಡೆ ತಿರುಗಿ ಕೆಮ್ಮಿದ. ಆಫೀಸರು ಪೆನ್ನನ್ನು ಜೇಬಿನಿಂದ ತೆಗೆಯಲಿಲ್ಲ. ಯಜಮಾನರು ನನ್ನ ಕಡೆ ನೋಡಿ, "ಆ ಮೂರರಲ್ಲಿ ಒಂದು ಭಾಗ ಅಂದ್ಯಲ್ಲಮ್ಮಾ, ಅದನ್ನ ಒಂದ್ಸಲ ನಿಧಾನವಾಗಿ ಹೇಳು" ಎಂದರು. ಅವರ ಮೇಲೆ ನನಗೆ ಆ ಕ್ಷಣದಲ್ಲಿ ಪ್ರೀತಿ ಬಂತು. ಸೋತ ಮೇಲೆ ಲೆಕ್ಕ ಕೇಳುವವರು ಕಡಿಮೆ. ನಿಧಾನವಾಗಿ ಹೇಳಿದೆ. ಕಾಲೇಜಿನ ಬಸ್ಸು ತಪ್ಪಿತು.

ಅವ್ವ ಅದಕ್ಕೆಲ್ಲ ನಿಲ್ಲಲಿಲ್ಲ. ಬೇಲಿ ದಾಟಿ ಹೋಗಿ ಮತ್ತೆ ಮೋಟಾರು ಹಾಕಿದಳು. ನಿಲ್ಲಿಸಿದಷ್ಟು ಹೊತ್ತಿನಲ್ಲೇ ಮೆಂತ್ಯದ ಮಡಿ ಅರ್ಧಕ್ಕೆ ನಿಂತಿತ್ತು. ಬಿಸಿಲೇರುವ ಮುಂಚೆ ನೀರು ಕೊನೆಯ ಮಡಿ ಮುಟ್ಟಿತು, ಗಾಡಿ ಹೊತ್ತಿಗೆ ಹೋಯಿತು. ಆ ವಾರದಲ್ಲೇ ಕಂಬದ ಮೇಲೆ ಮನೆಗಳನ್ನು ಮೂರು ತಂತಿಗೂ ಹಂಚಿದರು. ನಮ್ಮ ಮೋಟಾರಿಗೆ ಯಾರೂ ಹೊತ್ತು ಗೊತ್ತುಮಾಡಲಿಲ್ಲ. ಬೆಂಗಳೂರಿನಲ್ಲಿ ಅಡ್ಜಸ್ಟ್ ಎಂಬ ಮಾತನ್ನು ಆಮೇಲೆಯೂ ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ನಮ್ಮವ್ವನಿಗೆ ಎದುರು ನಿಂತು ಅದನ್ನು ಎರಡನೆಯ ಸಲ ಹೇಳಿದವರನ್ನು ನೋಡಿಲ್ಲ. ತೋಟ ಆಮೇಲೆ ಎಷ್ಟೋ ವರ್ಷ ಇತ್ತು. ಕೊನೆಗೆ ಅದನ್ನು ಬಿಟ್ಟದ್ದು ಅವ್ವನೇ, ಅವಳಿಗೆ ಬೇಕೆನಿಸಿದಾಗ, ಅವಳು ಹೇಳಿದ ಬೆಲೆಗೆ.